ನೆಲೆ ಕಳೆದುಕೊಂಡವು

ಶಾಲೆಯ ಹಿಂದಿದ್ದ ಒಂಬತ್ತು ಗುಡಿಸಲುಗಳನ್ನು ಬೇಸಿಗೆ ರಜೆಯಲ್ಲಿ ಕೆಡವಿದರು. ರಜೆ ಮುಗಿದ ಮೇಲೆ ವಿಜ್ಞಾನದ ಮೇಷ್ಟ್ರು ಆ ಬಯಲಿನಲ್ಲಿ ಪುಟ್ಟದೊಂದು ವನ್ಯಧಾಮ ಮಾಡಲು ಮಕ್ಕಳನ್ನು ಗುಂಪುಗಳಾಗಿ ಕೂರಿಸಿದರು. ಸಣ್ಣೀರಿಯ ಗುಂಪಿಗೆ ಬಂದ ಹಾಳೆಯ ತಲೆಬರಹ: 'ಇಲ್ಲಿ ನೆಲೆ ಕಳೆದುಕೊಂಡವು'. "ಹೋದವನ್ನೆಲ್ಲ ವಾಪಸ್ ಕರೆಸೋಣ," ಎಂದಿದ್ದರು ಮೇಷ್ಟ್ರು.

"ಮುಂಗುಸಿ ಬರಿಯೇ, ಓತಿಕ್ಯಾತ ಬರಿ. ಇಲ್ಲೇ ಇದ್ದೋಳು ನೀನು, ನಿಂಗೇ ಗೊತ್ತು," ಎಂದರು ಗೆಳತಿಯರು.

ಅವಳು ಎರಡನ್ನೂ ಬರೆದು, ಕೆಳಗೆ 'ಕೆಂಚಜ್ಜಿ' ಎಂದು ಸೇರಿಸಿದಳು.

"ಇದ್ಯಾವ ಪ್ರಾಣಿನೇ?" ಮೇಷ್ಟ್ರು ನಕ್ಕರು.

"ನಮ್ಮಜ್ಜಿ ಸಾ. ಗುಡ್ಲು ಕಿತ್ತಾಕಿದ್ಮೇಲೆ ಬಸ್ ಸ್ಟ್ಯಾಂಡಲ್ಲೇ ತೀರ್ಕಂಡ್ಳು."

ಮೇಷ್ಟ್ರ ನಗು ನಿಂತಿತು. "'ಕಳೆದುಕೊಂಡವು' ಅಂದ್ರೆ ಪ್ರಾಣಿಗಳು ಕಣಮ್ಮ. ಮನುಷ್ಯರಾದ್ರೆ 'ಕಳೆದುಕೊಂಡವರು' ಅಂತ ಇರ್ಬೇಕಿತ್ತು. ಅಳಿಸು."

ಸಣ್ಣೀರಿ ತಲೆಬರಹದ 'ವು' ಹೊಡೆದುಹಾಕಿ 'ವರು' ಎಂದು ಬರೆದಳು. "ಅಳ್ಸಲ್ಲ ಸಾ."