ಕಾಲು ಗೋಡೆಯ ಲೆಕ್ಕ

"ಕಾಲು ಗೋಡೆಗೆ ಕಾಲು ಬಕೆಟ್ ಸಾಕು ಕಣೇ," ಎಂದು ಪೇಂಟರ್ ಮೇಸ್ತ್ರಿ ಹೆಂಡತಿಯ ಮಾತನ್ನು ಅಲ್ಲಿಗೇ ತುಂಡರಿಸಿದ. "ಒಂದೂವರೆಗೆ ಕಾಲು ಸೇರಿಸಿದ್ರೆ ಒಂದೂಮುಕ್ಕಾಲು. ಮುಗೀತು ಲೆಕ್ಕ."

ಅದು ಹೊಸ ಫೋಟೋ ಸ್ಟುಡಿಯೋದ ಗೋಡೆ. ಹದಿನಾರು ಅಡಿ ಉದ್ದ. ನಾಳೆಯಿಂದ ಬರುವ ಗಿರಾಕಿಗಳೆಲ್ಲ ಇದರ ಮುಂದೆಯೇ ನಿಲ್ಲಬೇಕು. ಬೆಳಿಗ್ಗೆ ಗಂಡಹೆಂಡತಿ ಸೇರಿ ಅದರ ಮುಕ್ಕಾಲು ಭಾಗಕ್ಕೆ ಬಣ್ಣದ ಅಡಿಗೆಂದು ಬಿಳಿ ಪ್ರೈಮರ್ ಬಳಿದಿದ್ದರು. ಸರಿಯಾಗಿ ಒಂದೂವರೆ ಬಕೆಟ್ ಹಿಡಿದಿತ್ತು. ಬೀರುವಿನ ಹಿಂದೆ ಮರೆಯಾಗಿದ್ದ ಉಳಿದ ಕಾಲು ಭಾಗದಲ್ಲಿ ಹಳೆಯ ಪ್ರೈಮರ್ ಇನ್ನೂ ಗಟ್ಟಿಯಾಗಿತ್ತು, ಅದನ್ನು ಮುಟ್ಟಿರಲಿಲ್ಲ. ಈಗ ಇಡೀ ಗೋಡೆಗೆ ಬೂದು ಬಣ್ಣ ಬರಬೇಕು. ಪ್ರೈಮರ್ ಹಿಡಿದಷ್ಟೇ ಬಣ್ಣವೂ ಹಿಡಿಯುತ್ತದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಹಾಗಾದರೆ ಎಷ್ಟು ಕಲಸಬೇಕು? ಮೇಸ್ತ್ರಿಯ ಬೂದು ಎಂದರೆ ಬರೀ ಬೂದಲ್ಲ. ಬಿಳಿಗೆ ಕಪ್ಪು, ಒಂದಿಷ್ಟು ನೀಲಿ, ಚೂರೇ ಚೂರು ಹಳದಿ. ಜನ್ಮದಲ್ಲಿ ಅವನು ಅಳೆದು ಹಾಕಿದವನಲ್ಲ, ಎಲ್ಲಾ ಕಣ್ಣಂದಾಜು. ಹಾಗಾಗಿ ಕಲಸಿದರೆ ಒಂದೇ ಸಲಕ್ಕೆ ಕಲಸಬೇಕು. ಎರಡನೇ ಸಲದ್ದು ಮೊದಲಿನದಕ್ಕೆ ಹೊಂದಿದ್ದನ್ನು ಅವನೇ ಕಂಡಿಲ್ಲ.

"ಅಲ್ಲಾ ರೀ," ಎಂದು ಹೆಂಡತಿ ಮತ್ತೆ ಬಾಯಿ ತೆರೆದಳು. "ಮೂರು ಕಾಲುಭಾಗಕ್ಕೆ ಒಂದೂವರೆ ಬಕೆಟ್ ಹೋಯ್ತಲ್ಲ, ಅಂದ್ರೆ ಒಂದೊಂದು ಕಾಲುಭಾಗವೂ ಅರ್ಧರ್ಧ ಬಕೆಟ್ ಕುಡಿದಿದೆ. ನಾಲ್ಕನೇದು ಮಾತ್ರ ಕಾಲು ಕುಡಿದು ಸುಮ್ಮನಿರುತ್ತಾ? ಎರಡು ಬಕೆಟ್ ಬೇಕೇ ಬೇಕು."

ಅಷ್ಟು ಹೊತ್ತಿಗೆ ಫೋಟೋಗ್ರಾಫರ್ ದೀಪದ ಸ್ಟ್ಯಾಂಡ್ ಹೊತ್ತು ಒಳಗೆ ಬಂದ. ಆಗಲಾದರೂ ಮೇಸ್ತ್ರಿ ತೆಪ್ಪಗಿರಬಾರದಿತ್ತೇ? "ಕೇಳಿದ್ರಾ ಸಾರ್? ಕಾಲು ಉಳಿದಿದ್ರೆ ಅರ್ಧ ಕಲಸ್ಬೇಕಂತೆ! ಇವಳ ಲೆಕ್ಕ ನಂಬಿದ್ರೆ ಮಿಕ್ಕಿದ್ದನ್ನ ನಿಮಗೂ ನನಗೂ ಬಳೀಬೇಕಾಗುತ್ತೆ." ಫೋಟೋಗ್ರಾಫರ್ ಗೊಳ್ಳೆಂದು ನಕ್ಕ. ಹೆಂಡತಿ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡು, ನೆಲಕ್ಕೆ ಹಳೆಯ ಪೇಪರ್ ಹಾಸಿ, ಗಂಡ ಕಣ್ಣಂದಾಜಿನಲ್ಲಿ ಹೇಳಿದಂತೆ ಡ್ರಮ್ಮಿನಲ್ಲಿ ಒಂದೂಮುಕ್ಕಾಲು ಬಕೆಟ್ ಬಣ್ಣ ಕಲಸಿದಳು. ಪೇಪರ್ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಹದಿನಾಲ್ಕನೇ ಅಡಿಗೆ ರೋಲರ್ ಒಣಗಿತು. ಮೇಸ್ತ್ರಿ ಡ್ರಮ್ಮನ್ನು ಓರೆ ಮಾಡಿದ, ತಳ ಕೆರೆದ, ಬ್ರಷ್ ಹಿಂಡಿದ. ಎರಡು ಅಡಿ ಗೋಡೆ ಬೆಳ್ಳಗೆ ಹಾಗೇ ಉಳಿದಿತ್ತು. ಹೆಂಡತಿ ಬಗ್ಗಿ ಖಾಲಿ ಬಕೆಟ್ ಎತ್ತಿಟ್ಟಳು. "ನಾನು ಹೇಳಿರ್ಲಿಲ್ವಾ" ಎಂದಿದ್ದರೆ ಎಗರಾಡಿಯಾದರೂ ಹಗುರಾಗಬಹುದಿತ್ತು, ಆ ಭಾಗ್ಯವೂ ಅವನಿಗೆ ಸಿಗಲಿಲ್ಲ. ಗಡಿಬಿಡಿಯಲ್ಲಿ ಇನ್ನೊಂದಿಷ್ಟು ಕಲಸಿ ಬಳಿದ. ಹಸಿಯಿದ್ದಾಗ ಎರಡೂ ಒಂದೇ ಎನಿಸಿತು. ಒಣಗುತ್ತಾ ಒಣಗುತ್ತಾ ಆಮೇಲೆ ಬಳಿದದ್ದು ನೀಲಿಗೆ ತಿರುಗಿತು. ಸೂರಿನಿಂದ ನೆಲದವರೆಗೆ ಅಡಿಪಟ್ಟಿ ಇಟ್ಟು ಎಳೆದಂತೆ ಗೆರೆ ಎದ್ದಿತು.

"ಏನ್ ಮೇಸ್ತ್ರಿ ಇದು?" ಫೋಟೋಗ್ರಾಫರ್ ಬಾಗಿಲಲ್ಲೇ ನಿಂತುಬಿಟ್ಟ. "ಬೆಳಿಗ್ಗೆ ಮೊದಲನೇ ಗಿರಾಕಿ ಬರ್ತಾರೆ. ನಿಮ್ಮ ಗೋಡೇಲಿ ಬಣ್ಣ ಕೂಡಿದ ಗೆರೆ ಕಾಣಲ್ಲ ಅಂತ ತಾನೇ ನಿಮ್ಮನ್ನ ಹುಡುಕಿ ಕರೆಸಿದ್ದು?"

"ಇವಳು ಕಲಸೋವಾಗ ಚೆಲ್ಲಿಬಿಟ್ಳು ಸಾರ್."

ಆ ಮಾತು ಎಲ್ಲಿಂದ ಬಂತೋ, ಬಂದುಬಿಟ್ಟಿತು. ಹೆಂಡತಿ ಗಂಡನನ್ನು ನೋಡಲಿಲ್ಲ, ನೆಲ ನೋಡಿದಳು. ಹಾಸಿದ್ದ ಪೇಪರ್ ಅಂಗಡಿಯಿಂದ ಈಗ ತಂದಂತಿತ್ತು. ಸುದ್ದಿಯನ್ನೆಲ್ಲ ಕೂತು ಓದಬಹುದಿತ್ತು. ಫೋಟೋಗ್ರಾಫರನ ಕಣ್ಣು ಅತ್ತ ಹೊರಳುವ ಮೊದಲೇ ಅವಳು ಅದನ್ನು ಸರಸರನೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ಹೌದು ಸಾರ್," ಎಂದಳು. "ಕೈ ಜಾರ್ತು." ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಮೇಸ್ತ್ರಿಗೆ. ಲೆಕ್ಕ ತಪ್ಪಿದ್ದಕ್ಕೆ ಕೆಂಪಾಗಿದ್ದ ಮುಖ ಈಗ ಕಪ್ಪಿಟ್ಟಿತು.

ಫೋಟೋಗ್ರಾಫರ್ ನಿಟ್ಟುಸಿರುಬಿಟ್ಟು ಕ್ಯಾಮೆರಾ ತೆಗೆದ. "ಫೋಟೋದಲ್ಲಿ ಎಷ್ಟು ಕಾಣುತ್ತೋ ನೋಡೇಬಿಡೋಣ. ಇಬ್ರೂ ಹೋಗಿ ಆ ಗೆರೆ ಹತ್ರ ನಿಂತ್ಕೊಳ್ಳಿ."

ಮೇಸ್ತ್ರಿ ಹೋಗಿ ನಿಂತ. ಹೆಂಡತಿ ಪಕ್ಕಕ್ಕೆ ಬಂದಳು, ಒಮ್ಮೆ ಹಿಂದಿರುಗಿ ಗೋಡೆ ನೋಡಿದಳು, ಆಮೇಲೆ ಅರ್ಧ ಹೆಜ್ಜೆ ಸರಿದು ಗೆರೆಗೆ ಬೆನ್ನು ಆನಿಸಿಕೊಂಡು ನೆಟ್ಟಗೆ ನಿಂತಳು. ಮಡಚಿದ ಪೇಪರ್ ಇನ್ನೂ ಕಂಕುಳಲ್ಲೇ ಇತ್ತು.

"ಮೇಸ್ತ್ರಿ, ತಲೆ ಎತ್ತಿ. ಇನ್ನೂ ಸ್ವಲ್ಪ ಎತ್ತಿ."

ಅವನು ತಲೆ ಎತ್ತಿದ. "ಸಾರ್, ಬಣ್ಣ ಚೆಲ್ಲಲಿಲ್ಲ. ಇವಳು ಎರಡು ಬಕೆಟ್ ಅಂತ ಮೊದಲೇ..."

"ಮಾತಾಡ್ಬೇಡಿ ಮೇಸ್ತ್ರಿ, ಅಲುಗಾಡುತ್ತೆ!" ಎನ್ನುತ್ತಾ ಫೋಟೋಗ್ರಾಫರ್ ಗುಂಡಿ ಒತ್ತಿದ. ಆಮೇಲೆ ಕ್ಯಾಮೆರಾದ ಪರದೆ ನೋಡಿ ಮುಖ ಅರಳಿಸಿದ. "ಪರವಾಗಿಲ್ವೇ! ಗೆರೆ ಕಾಣ್ತಾನೇ ಇಲ್ಲ. ಬನ್ನಿ, ನೀವೇ ನೋಡಿ."

ಮೇಸ್ತ್ರಿ ಬಗ್ಗಿ ನೋಡಿದ. ನಿಜ, ಗೆರೆ ಕಾಣಲಿಲ್ಲ, ಅವನ ಹೆಂಡತಿ ಚೌಕಟ್ಟಿಗೆ ಸಿಕ್ಕಷ್ಟು ಗೆರೆಯನ್ನು ಪೂರ್ತಿ ಮುಚ್ಚಿ ನಿಂತಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಗಂಡಸು, ಅರ್ಧ ಬಾಯಿ ತೆರೆದುಕೊಂಡು.