ಬಲಗೈ ಗವಸು

ಕೈಬೇನೆಯ ದವಾಖಾನೆಗಳಲ್ಲಿ ಈಗ ಯಾರೂ "ಎಲ್ಲಿ ನೋವು?" ಎಂದು ಕೇಳುವುದಿಲ್ಲ. ರೋಗಿಗೊಂದು ಗವಸು, ಡಾಕ್ಟರಿಗೊಂದು ಗವಸು. ತೊಟ್ಟರೆ ಇವರ ಕೈಯ ಅನುಭವ ಅವರಿಗೆ, ಅವರದು ಇವರಿಗೆ. ಡಾಕ್ಟರರ ಗಟ್ಟಿ ಕೈಯ ಸುಖ ಬಿಡಲಾರದೆ "ಇನ್ನೊಂದು ನಿಮಿಷ ಇರಲ್ರೀ" ಎಂದು ಗೋಗರೆಯುವವರೇ ಹೆಚ್ಚು.

ಖಾನಾವಳಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ನೀಲವ್ವ ಹಾಗೆ ಕೇಳಲಿಲ್ಲ. ಗವಸು ತೊಟ್ಟು ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಅವಳ ಮೂರು ಬೆರಳುಗಳ ಜೋಮು ಡಾಕ್ಟರ್ ಇಂದುಮತಿಯ ಕೈಗೆ ಹರಿದು ಬಂತು.

"ಮಣಿಕಟ್ಟಿನಾಗ ನರ ಸಿಕ್ಕೊಂಡೈತಿ ನೀಲವ್ವ. ನಾಳೆನ ಕೊಯ್ದು ಬಿಡಸ್ತೀನಿ."

"ಡಾಕ್ಟರ್ ಬಾಯಾರ, ಈ ಗವಸು ಕೆಟ್ಟೈತೇನು? ನನಗ ನನ್ನ ಕೈಯೇ ವಾಪಸ್ ಬಂದಂಗೈತಿ. ಅವೇ ಮೂರು ಬೆರಳು, ಅದೇ ಜೋಮು."

ಗವಸು ಕೆಟ್ಟಿರಲಿಲ್ಲ. ಎರಡು ತಿಂಗಳಿಂದ ಇಂದುಮತಿ ಯಾರಿಗೂ ಗೊತ್ತಾಗದಂತೆ ಗವಸನ್ನು ಎಡಗೈಗೇ ತೊಡುತ್ತಿದ್ದಳು. ಇವತ್ತು ಗಡಿಬಿಡಿಯಲ್ಲಿ ಬಲಗೈಗೆ ತೊಟ್ಟುಬಿಟ್ಟಿದ್ದಳು. ಚಾಕು ಹಿಡಿಯುವ ಕೈ ಅದು.

ಅವಳ ಮುಖ ನೋಡಿದ ನೀಲವ್ವನಿಗೆ ಎಲ್ಲಾ ತಿಳಿಯಿತು. "ಈ ಜೋಮಿಗೆ ರಾತ್ರಿ ನಿದ್ದಿ ಹತ್ತಂಗಿಲ್ಲ, ಹೌದಿಲ್ಲೋ?" ಎಂದಷ್ಟೇ ಅಂದು, ತನ್ನದೇ ಗವಸಿನ ಮಣಿಕಟ್ಟನ್ನು ಮೆಲ್ಲಗೆ ತಿಕ್ಕತೊಡಗಿದಳು. ತಿಕ್ಕಿದ್ದು ಅಲ್ಲಿ; ಹಿತವಾದದ್ದು ಇಂದುಮತಿಗೆ.

ಇಂದುಮತಿ ನಾಳೆಯ ಆಪರೇಷನ್ ಪಟ್ಟಿ ಎಳೆದುಕೊಂಡಳು. ಡಾಕ್ಟರರ ಸಾಲಿನಲ್ಲಿದ್ದ ತನ್ನ ಹೆಸರು ಹೊಡೆದು ಇನ್ನೊಬ್ಬ ಡಾಕ್ಟರರ ಹೆಸರು ಹಾಕಿ, ರೋಗಿಗಳ ಸಾಲಿನಲ್ಲಿ ನೀಲವ್ವನ ಕೆಳಗೆ ತನ್ನ ಹೆಸರನ್ನು ಎಡಗೈಯಿಂದ ಸೊಟ್ಟಸೊಟ್ಟಗೆ ಬರೆದಳು.

"ಗವಸು ಬಿಚ್ಚಲೇನ್ರಿ?" ಎಂದಳು ನೀಲವ್ವ.

"ಇನ್ನೊಂದು ನಿಮಿಷ ಇರಲಿ, ನೀಲವ್ವ."