ಗಾಯದ ಕೈಗೆ ರಜೆ

ನಾನು ಓದು ನಿಲ್ಲಿಸಿದ್ದು 2024ರಲ್ಲಿ, ಹೈಸ್ಕೂಲು ಮುಗಿಯುವ ಮೊದಲೇ. ಈಗ ಮನೆ ರಿಪೇರಿ ಕೆಲಸದಲ್ಲಿ ಕೈ ಕೊಯ್ದುಕೊಂಡು ಮುಲಾಮು ಹಚ್ಚುವಾಗಲೆಲ್ಲ, ಆ ವಾಸನೆಗೆ, ಅಮೆರಿಕದಲ್ಲಿ ಆಗ ನಾವಿದ್ದ ಕ್ಯಾರಿ ಊರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಹನ್ನೆರಡು ವರ್ಷ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಯಹೂದಿ ಅಂಕಲ್ ಎಡಗೈಗೆ ಗರಗಸ ತಾಗಿಸಿಕೊಂಡಿದ್ದರು. ನಾನೂ ಅಮ್ಮನೂ ನೋಡಲು ಹೋದೆವು. ಬೆರಳ ತುದಿಯಿಂದ ಮಣಿಕಟ್ಟಿನವರೆಗೂ ದಪ್ಪ ಬ್ಯಾಂಡೇಜು, ಅದರಿಂದ ಮುಲಾಮಿನ ವಾಸನೆ. ಮೇಜಿನ ಮೇಲೆ ಬ್ರೆಡ್ ಹಾಗೇ ಇತ್ತು. ಶಾಸ್ತ್ರದಂತೆ ಚೆಂಬಿನಿಂದ ಕೈಗೆ ನೀರು ಸುರಿದುಕೊಳ್ಳದೆ ಅವರು ಬ್ರೆಡ್ ತಿನ್ನುವುದಿಲ್ಲ. ಆ ಚೆಂಬು ಹಿಡಿಯಲು ಇನ್ನೊಂದು ಕೈ ಇರಲಿಲ್ಲ.

"ಬೆಳಗ್ಗೆಯಿಂದ ಏನೂ ತಿಂದಿಲ್ವಂತೆ. ನಮಗೊಂದು ಫೋನ್ ಮಾಡಕ್ಕೆ ಏನು ಕಷ್ಟ ಇವರಿಗೆ?" ಎಂದು ಅಮ್ಮ ಗೊಣಗಿದಳು. "ಹೋಗೋ, ನೀರು ಹಾಕು. ಎಡಗೈಲಿ ಹಾಕ್ಬೇಡ, ದೊಡ್ಡವರು!"

ಅವರ ಬಲಗೈಗೆ ಮಣಿಕಟ್ಟು ನೆನೆಯುವಂತೆ ಸುರಿದೆ.

"ಆ ಕೈಗೆ?" ಎಂದು ಕೇಳಿದೆ.

"ಗಾಯದ ಕೈಗೆ ರಜೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಆಮೇಲೆ ಏನೋ ಮಂತ್ರ ಹೇಳಿದವರು ಬಾಯಿಯನ್ನೇ ಬಿಡಲಿಲ್ಲ. ಅಮ್ಮ ಮಾತಾಡಿಸಿದರೂ ತಲೆಯಾಡಿಸಿದರಷ್ಟೇ.

"ಏನೋ ಮಾಡ್ದೆ? ಬ್ಯಾಂಡೇಜ್ ನೆನೆಸಿದ್ಯಾ?" ಅಮ್ಮ ನನ್ನ ತೋಳು ಚಿವುಟಿದಳು. ನನಗೆ ಅಳು ಬರುವಂತಾಯಿತು.

ಅಂಕಲ್ ಬ್ರೆಡ್ ಮುರಿದು, ಉಪ್ಪಿಗೆ ಅದ್ದಿ, ನಿಧಾನವಾಗಿ ಅಗಿದು ನುಂಗಿದರು.

"ಕೈ ತೊಳೆದ ಮೇಲೆ ಒಂದು ತುತ್ತು ತಿನ್ನೋವರೆಗೆ ನಾವು ಮಾತಾಡೋ ಹಾಗಿಲ್ಲ," ಎಂದರು. "ಚೆನ್ನಾಗಿ ಹಾಕಿದೆ. ನಾಳೆನೂ ಬರ್ತೀಯಾ?"

ಹೊಲಿಗೆ ಬಿಚ್ಚುವವರೆಗೂ ಹೋದೆ. ಈಗ ನನಗೆ ಸ್ವಂತದ್ದೊಂದು ಹಳೆಯ ವ್ಯಾನ್ ಇದೆ, ಎರಡು ಏಣಿಗಳಿವೆ, ನನ್ನ ಕೈಗೆ ಗಾಯವಾದರೆ ಕೂಗಿದ ಕೂಡಲೇ ಬರುವ ಒಬ್ಬರು ಈಗಿನ ಪಕ್ಕದ ಮನೆಯಲ್ಲೂ ಇದ್ದಾರೆ.